ಭುಜದವರೆಗಿನ ಹಲಗೆ

ಬೈರಮ್ಮ ತೀರಿಕೊಂಡು ವರ್ಷ ತುಂಬುವ ಮೊದಲೇ ನಡುಮನೆಯ ಗೋಡೆಗೆ ಎರಡು ಸಲ ಬಣ್ಣ ಬಳಿಸಿಯಾಗಿತ್ತು. ಎರಡು ಸಲವೂ ಗೋಡೆ ಬಣ್ಣವನ್ನು ಸುಮ್ಮನೆ ಕುಡಿಯಿತು, ಕೆಲವು ವಾರ ಏನೂ ಅರಿಯದಂತೆ ಇತ್ತು, ಆಮೇಲೆ ಒಳಗಿದ್ದುದನ್ನು ಮೆಲ್ಲಗೆ ಹೊರಗೆ ಬಿಟ್ಟಿತು. ಮೊದಲು ಕಾಸಗಲದ ಒಂದು ಕಂದು ಮಚ್ಚೆ. ಅದು ಹಿಗ್ಗಿ ಅಂಗೈಯಗಲವಾಗಿ, ಮೊರದಗಲವಾಗಿ, ಕೊನೆಗೆ ಮೇಲೊಂದು ತಲೆ, ಕೆಳಗೆ ಎರಡು ಭುಜ ಮೂಡಿದವು. ಗೋಡೆಗೆ ಒರಗಿ ಕೂತಿದ್ದವರು ಎದ್ದು ಹೋಗುವಾಗ ತಮ್ಮ ನೆರಳನ್ನು ಅಲ್ಲೇ ಮರೆತು ಹೋದಂತೆ.

ಅದು ಎಣ್ಣೆ ಎಂದು ಸುನಂದಳಿಗೆ ಗೊತ್ತು. ಅವಳಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಲಕ್ವ ಹೊಡೆದು ಹಾಸಿಗೆ ಹಿಡಿದ ಅತ್ತೆಯ ತಲೆಗೆ ಎಂಟೊಂಬತ್ತು ವರ್ಷ ಹರಳೆಣ್ಣೆ ಒತ್ತಿದವಳು ಅವಳೇ. ಮಲಗಿಸಿ ಉಣಿಸಿದರೆ ಅನ್ನ ನೆತ್ತಿಗೆ ಹತ್ತುತ್ತದೆಂದು ಮಂಚವನ್ನು ಗೋಡೆಗೆ ಜರುಗಿಸಿ, ಕಂಕುಳಿಗೆ ಕೈ ಕೊಟ್ಟು ಎತ್ತಿ, ಬೆನ್ನನ್ನು ಗೋಡೆಗೆ ಆನಿಸಿ ಕೂರಿಸುತ್ತಿದ್ದವಳೂ ಅವಳೇ. ಆ ತಲೆ, ಆ ಭುಜ ಗೋಡೆಗೆ ಒತ್ತಿ ಒತ್ತಿ ಎಣ್ಣೆ ಒಳಗಿಳಿದಿತ್ತು. ಮಣ್ಣಿನ ಗೋಡೆ, ಮೇಲೆ ತೆಳ್ಳಗೆ ಸಿಮೆಂಟು. ಕುಡಿದದ್ದನ್ನು ಅದು ಎಲ್ಲಿ ತಾನೇ ಇಟ್ಟುಕೊಂಡೀತು?

ಬೈರಮ್ಮನಿಗೆ ಬರುಬರುತ್ತಾ ಎಲ್ಲರ ಹೆಸರೂ ಮರೆತುಹೋಗಿತ್ತು. ಮಗ ಮುರಳಿಮೋಹನನನ್ನು ಕಂಡರೆ "ಯಾವೂರಪ್ಪಾ" ಎನ್ನುತ್ತಿದ್ದಳು. ಆದರೆ ಚಿಕ್ಕಂದಿನಲ್ಲಿ ಜಗುಲಿಯ ಮೇಲೆ ಕೂತು ಕಿವಿಯಲ್ಲೇ ಕಲಿತ ಹಾಡಿನ ಪದಗಳು ಮಾತ್ರ ಮರೆತಿರಲಿಲ್ಲ. ಅಂಬಲಿಯ ಲೋಟ ಬಾಯ ಹತ್ತಿರ ಹಿಡಿದರೆ ತುಟಿ ಬಿಗಿದು, ಒಂದು ಪದದ ಮೊದಲ ಸಾಲನ್ನು ಹೇಳಿ ನಿಲ್ಲಿಸಿ, ಸೊಸೆಯ ಮುಖ ನೋಡುತ್ತಿದ್ದಳು. ಎರಡನೆಯ ಸಾಲನ್ನು ಸುನಂದ ಹೇಳಬೇಕು. ಹೇಳಿದರೆ ಬಾಯಿ ತೆರೆಯುತ್ತಿತ್ತು. ಹೇಳದಿದ್ದರೆ ಅಂಬಲಿ ತಣ್ಣಗಾಗಿ ಕೆನೆ ಕಟ್ಟಿದರೂ ಇಲ್ಲ. ಹೀಗೆ ಓದು ಬರಹ ಹೆಚ್ಚು ಬಾರದ ಸುನಂದಳ ನಾಲಿಗೆಗೆ ಅತ್ತೆಯ ಪದಗಳೆಲ್ಲ ಹತ್ತಿದವು. ಆದರೆ ಎರಡನೆಯ ಸಾಲುಗಳು ಮಾತ್ರ. ಮೊದಲ ಸಾಲನ್ನು ಯಾರಾದರೂ ಎತ್ತಿಕೊಡಬೇಕು.

ಅತ್ತೆಯನ್ನು ಕಳಿಸಿಕೊಟ್ಟ ಮೇಲೆ, ದೇವರ ಮುಂದೆ ನಿಂತು ಸುನಂದ ಬೇಡಿಕೊಂಡದ್ದು ದೊಡ್ಡದೇನಲ್ಲ. ಮಧ್ಯಾಹ್ನ ಉಂಡ ಮೇಲೆ ಒಂದು ನಿದ್ದೆ. ಯಾರೂ ಕರೆಯದ, ಯಾರ ಕೆಮ್ಮಿಗೂ ಕಿವಿ ಕೊಡಬೇಕಿಲ್ಲದ ಒಂದು ನಿದ್ದೆ. ತಾಯಲೂರಿನಲ್ಲಿ ಎರಡು ಗಂಟೆಯ ಬಿಸಿಲಿಗೆ ಬೀದಿಯ ನಾಯಿ ಕೂಡ ಮಲಗುತ್ತದೆ. ಅಷ್ಟು ತನಗೂ ಸಿಕ್ಕರೆ ಸಾಕು ಎಂದುಕೊಂಡಿದ್ದಳು.

ಅದನ್ನು ಕೆಡಿಸಿದವಳು ಎದುರುಮನೆಯ ಅಶ್ವತ್ಥಮ್ಮ. ಮೊಸರಿಗೆ ಹೆಪ್ಪು ಕೇಳಲು ಬಂದವಳು ನಡುಮನೆಯಲ್ಲೇ ನಿಂತುಬಿಟ್ಟಳು.

"ಅಮ್ಮಾ ತಲ್ಲೀ. ಬೈರಕ್ಕ ಅಲ್ವೇನೇ ಇದು?"

"ಎಣ್ಣೆ ಕಣಕ್ಕಾ ಅದು," ಎಂದಳು ಸುನಂದ.

"ಎಣ್ಣೆ ಯಾರ ಮನೇಲಿಲ್ಲ? ನಮ್ಮತ್ತೇನೂ ಬಾಣಲಿಗಟ್ಲೆ ಎಣ್ಣೆ ಹಚ್ಕೊಂಡೇ ಸತ್ತಿದ್ದು. ನಮ್ಮ ಗೋಡೇಲಿ ಬಂದ್ಲಾ? ನನ್ನ ಪುಣ್ಯ, ಬರ್ಲಿಲ್ಲ." ಅಶ್ವತ್ಥಮ್ಮ ಇನ್ನಷ್ಟು ಹತ್ತಿರ ಹೋದಳು. "ಒಂದು ಭುಜ ಜಗ್ಗಿದೆ ನೋಡು. ಲಕ್ವ ಹೊಡೆದ ಭುಜ. ಎಣ್ಣೆಗೆ ಅದೆಲ್ಲ ಗೊತ್ತಾಗ್ತದಾ?"

ಮಾರನೆಯ ದಿನ ಶುಕ್ರವಾರ. ಅಶ್ವತ್ಥಮ್ಮ ಸ್ನಾನ ಮಾಡಿ ಬಂದು ಆ ತಲೆಯ ಹಣೆ ಇರಬೇಕಾದ ಜಾಗಕ್ಕೆ ಅರಿಶಿನ ಬಳಿದು ಕುಂಕುಮದ ಬೊಟ್ಟಿಟ್ಟಳು. ಹಾಗೆ ಇಟ್ಟ ಮೇಲೆ ಅದು ಕಲೆಯಾಗಿ ಉಳಿಯಲಿಲ್ಲ. ಬೊಟ್ಟಿಟ್ಟ ಕಲ್ಲನ್ನು ಯಾರೂ ತುಳಿಯುವುದಿಲ್ಲ, ಬೊಟ್ಟಿಟ್ಟ ಮರವನ್ನು ಯಾರೂ ಕಡಿಯುವುದಿಲ್ಲ. ಗೋಡೆಯದೂ ಅದೇ ಲೆಕ್ಕ.

ಸುದ್ದಿ ತಿಳಿದು ನಾದಿನಿ ಗಂಗಾಲಕ್ಷ್ಮಿ ಮಾಸ್ತಿಯಿಂದ ಬಸ್ಸು ಹತ್ತಿ ಬಂದಳು. ಬಾಗಿಲಲ್ಲೇ ಚೀಲ ಬಿಟ್ಟು, ಗೋಡೆಗೆ ಕೆನ್ನೆ ಒತ್ತಿ ಅತ್ತಳು. ಆ ಅಳು ಸುಳ್ಳಲ್ಲ. ತಾಯಿ ಹೋದಾಗ ಅವಳು ಮುಖ ನೋಡುವಷ್ಟು ಹೊತ್ತಿಗೆ ಬರಲಾಗಿರಲಿಲ್ಲ. ಮನೆ ತುಂಬ ಕರಾವಿನ ಹಸು, ಅಟ್ಟದ ತುಂಬ ಮೇವು, ಬಿಟ್ಟು ಹೊರಟರೆ ಅವಳ ಮನೆಯಲ್ಲೂ ಹಿಂಡುವವರಿರಲಿಲ್ಲ. ಬೈರಮ್ಮ ಮಲಗಿದ್ದ ಕಾಲದಲ್ಲಿ ಗೌರಿ ಹಬ್ಬಕ್ಕೊಮ್ಮೆ, ಸಂಕ್ರಾಂತಿಗೊಮ್ಮೆ ಬಂದು, ತಾಯಿಯ ಕೈ ಹಿಡಿದು ಕೂತು, ಕೊನೆಯ ಬಸ್ಸಿಗೆ ಅವರೆಕಾಯಿ ಕಟ್ಟಿಕೊಂಡು ಹೋಗುತ್ತಿದ್ದಳು.

ಅತ್ತು ಮುಗಿಸಿ ಅವಳು ಅಣ್ಣನಿಗೆ ಹೇಳಿದಳು. "ಅಣ್ಣಯ್ಯಾ, ಅಮ್ಮ ಮನೆ ಬಿಟ್ಟು ಹೋಗಿಲ್ಲ. ದಿನಾ ಒಂದು ದೀಪ ಹಚ್ಚಿ. ಉಣ್ಣೋಕೆ ಮುಂಚೆ ಒಂದು ತುತ್ತು ಎಡೆ ಇಡಿ. ಇಷ್ಟೇ ನಾನು ಕೇಳೋದು."

ಮುರಳಿಮೋಹನ್ ಬಸ್‌ಸ್ಟ್ಯಾಂಡಿನ ಹತ್ತಿರ ಬೀಜ ಗೊಬ್ಬರದ ಅಂಗಡಿ ಇಟ್ಟವನು. ಇಡೀ ದಿನ ಇಬ್ಬರು ಗಿರಾಕಿಗಳ ನಡುವೆ ನಿಂತು ಇಬ್ಬರಿಗೂ "ಹೂಂ" ಎಂದು ಬದುಕಿದವನು. ತಂಗಿಗೂ ಹೂಂ ಎಂದ. ಅವಳು ಹೋದ ಮೇಲೆ ಹೆಂಡತಿಗೆ ಹೇಳಿದ. "ಒಂದು ದೀಪ ತಾನೇ. ಅದೇನು ಹೊರೆ?"

"ದೀಪ ಹೊರೆ ಅಲ್ಲ ಕಣ್ರೀ. ಹಚ್ಚೋಕೆ ನಾನಿರ್ಬೇಕಲ್ಲ, ಅದು."

ಹಿರಿಯರು ವರ್ಷಕ್ಕೊಮ್ಮೆ ಮಾರ್ನಮಿ ಹಬ್ಬಕ್ಕೆ ಬಂದು ಎಡೆ ಉಂಡು ಹೋಗುತ್ತಾರೆ. ಬೈರಮ್ಮ ದಿನವೂ ಬರತೊಡಗಿದಳು. ಅತ್ತೆಗೆ ಉಣಿಸದೆ ಸುನಂದ ಉಣ್ಣುವಂತಿರಲಿಲ್ಲ, ಮೊದಲಿನ ಹಾಗೆಯೇ. ಶ್ರೀನಿವಾಸಪುರದಲ್ಲಿ ತಮ್ಮನ ಮೊಮ್ಮಗಳ ನಾಮಕರಣಕ್ಕೆ ಹೋಗಿ ಒಂದು ರಾತ್ರಿ ತಂಗುವಂತಿರಲಿಲ್ಲ, ಮೊದಲಿನ ಹಾಗೆಯೇ. ಇನ್ನು ಮಧ್ಯಾಹ್ನ. ರೇಷ್ಮೆ ಹುಳುವಿಗೆ ಸೊಪ್ಪು ಹಾಕಿ, ಮತ್ತೆ ಹಾಕುವ ಹೊತ್ತಿನವರೆಗೆ ಊರಿನ ಹೆಂಗಸರಿಗೆ ಬಿಡುವು ಸಿಗುವುದು ಎರಡರಿಂದ ನಾಲ್ಕು ಗಂಟೆಗೆ. ಅವರು ಆಗ ಬರುತ್ತಿದ್ದರು. ಮಗುವಿನ ಕೆಮ್ಮಿಗೆ ಒಬ್ಬಳು, ಗೂಡು ಚೆನ್ನಾಗಿ ಕಟ್ಟಲಿ ಎಂದು ಒಬ್ಬಳು, ಸುಮ್ಮನೆ ನೋಡಿಕೊಂಡು ಹೋಗಲು ನಾಲ್ವರು. ಬೊಟ್ಟಿಟ್ಟು ಕೂತರೆ ಕಾಫಿ ಕೊಡಬೇಕು. ಕಾಫಿ ಕುಡಿದರೆ ಬೈರಮ್ಮನ ಮಾತು. "ನೀನು ಪುಣ್ಯವಂತೆ ಕಣೇ ಸುನಂದಾ, ಸೇವೆ ಮಾಡೋ ಭಾಗ್ಯ ಇನ್ನೂ ಮುಗಿದಿಲ್ಲ ನಿಂಗೆ," ಎಂದು ಅಶ್ವತ್ಥಮ್ಮ ಹೇಳುವಾಗ ಸುನಂದ ಬಾಗಿಲ ಚೌಕಟ್ಟು ಹಿಡಿದು ನಿಂತಲ್ಲೇ ಒಂದು ಚಣ ಕಣ್ಣು ಮುಚ್ಚಿ ತೆರೆಯುತ್ತಿದ್ದಳು. ಎಮ್ಮೆ ನಿಂತೇ ನಿದ್ದೆ ಮಾಡುವುದನ್ನು ಅವಳು ನೋಡಿದ್ದಳು. ಈಗ ಅದು ಹೇಗೆಂದು ತಿಳಿಯಿತು.

ಒಂದು ಭಾನುವಾರ ಕೋಲಾರದಿಂದ ಮಗಳು ರಮ್ಯ ಬಂದಳು. ಮದುವೆಯಾಗಿ ಅಲ್ಲಿ ಸಂಸಾರ ಹೂಡಿದ್ದವಳು. ತಾಯಿಯ ಕಣ್ಣ ಕೆಳಗಿನ ಕಪ್ಪನ್ನೂ ಗೋಡೆಯ ಮೇಲಿನ ಕುಂಕುಮವನ್ನೂ ನೋಡಿ, ಫೋನು ತೆಗೆದು ಚಿತ್ರಗಳನ್ನು ತೋರಿಸಿದಳು. ಗೋಡೆಯ ಕೆಳಗಿನ ಅರ್ಧಕ್ಕೆ ಬಿಳಿ ಹಲಗೆಯ ಹೊದಿಕೆ. ಹಲಗೆಯ ಮೇಲೆ ಉದ್ದಕ್ಕೆ ಸಾಲು ಸಾಲಾಗಿ ಗೆರೆ, ಪ್ರತಿ ಗೆರೆಯ ಪಕ್ಕ ಮಣಿ ಉರುಳಿಸಿದಂತೆ ದುಂಡಗೆ ಉಬ್ಬಿದ ಅಂಚು. ಹಲಗೆ ಮುಗಿಯುವಲ್ಲಿ ಗೋಡೆಯುದ್ದಕ್ಕೂ ಅಡ್ಡ ಪಟ್ಟಿ.

"ಇದು ಬೀಡ್‌ಬೋರ್ಡ್ ಅಮ್ಮಾ. ನಮ್ಮ ಓನರ್ ಮನೇಲಿ ಹಾಕ್ಸವ್ರೆ."

"ಬಾಗಿಲಿಗೆ ಹೊಡೆಯೋ ಹಲಗೆ ಗೋಡೆಗ್ಯಾಕೆ?"

"ಚೆಂದಕ್ಕೆ. ಮತ್ತೆ ಒರಗಿದ್ರೆ ಕಲೆ ಹಿಡಿಯಲ್ಲ, ಒದ್ದೆ ಬಟ್ಟೇಲಿ ಒರೆಸಿದ್ರೆ ಮುಗೀತು. ನಿನ್ನ ಗೋಡೆಗೆ ಹತ್ತು ಸಲ ಬಣ್ಣ ಬಳಿದ್ರೂ ಅಜ್ಜಿ ಬರ್ತಾಳೆ. ಹಲಗೆ ದಾಟ್ಕೊಂಡು ಬರಲ್ಲ."

ಸುನಂದ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಆ ಗೋಡೆಯ ಮುಂದೆ ಯಾರೂ ಇರಲಿಲ್ಲ. ಒಂದು ಕುರ್ಚಿ, ಒಂದು ದಿಂಬು, ಕಿಟಕಿಯ ಬೆಳಕು. ಅವಳಿಗೆ ಹಲಗೆಗಿಂತ ಆ ಖಾಲಿ ಕುರ್ಚಿ ಮನಸ್ಸಿಗೆ ಹಿಡಿಯಿತು.

"ಪಾಪ ಬರ್ತದೇನೇ ರಮ್ಯಾ?"

"ಯಾರಿಗೆ?"

ಸುನಂದ ಫೋನನ್ನು ಮಗಳ ಕೈಗೆ ಕೊಟ್ಟಳು. ರಾತ್ರಿ ಗಂಡನಿಗೆ ಹಲಗೆಯ ಮಾತು ಹೇಳಿದಳು. ಮುರಳಿಮೋಹನ್ ಅಡಿಕೆ ಅಗಿಯುತ್ತಾ ಹೂಂ ಎಂದ.

ಮುಳಬಾಗಿಲಿನಿಂದ ಬಡಗಿ ಅಮರನಾಥ್ ಅಳತೆಗೆ ಬಂದ. ಮಾತಿಗೊಮ್ಮೆ ಕಿವಿಯ ಹಿಂದಿನ ಪೆನ್ಸಿಲು ತೆಗೆದು ಮತ್ತೆ ಅಲ್ಲೇ ಸಿಕ್ಕಿಸುವ ಮನುಷ್ಯ. ಅವನ ಬಾಯಲ್ಲಿ ಅದು ಗೆರೆ ಹಲಗೆ. ಗೋಡೆ ತಟ್ಟಿ ನೋಡಿ, ಮೊದಲು ಮರದ ಪಟ್ಟಿ ಕೂರಿಸಿ ಅದರ ಮೇಲೆ ಹಲಗೆ ಹೊಡೆಯಬೇಕು, ಇಲ್ಲದಿದ್ದರೆ ಈ ಗೋಡೆ ಸ್ಕ್ರೂ ಹಿಡಿಯುವುದಿಲ್ಲ ಎಂದ.

"ಶೀಟು ಎಂಟಡಿ ಅಕ್ಕಾ. ಎರಡು ತುಂಡು ಮಾಡಿದ್ರೆ ನಾಕಡಿ ಎತ್ತರ ಬರ್ತದೆ. ಮೂರು ಮಾಡಿದ್ರೆ ಮೂರಡಿಗೆ ಒಂಚೂರು ಕಮ್ಮಿ. ಜನ ಮೂರೇ ಮಾಡಿಸ್ತಾರೆ, ಶೀಟು ಉಳೀತದೆ ಅಂತ. ನಿಮಗೆ ಹೆಂಗೆ?"

ಸುನಂದ ಗೋಡೆಯ ಹತ್ತಿರ ಹೋಗಿ ಕಲೆಯ ತಲೆಗಿಂತ ಒಂದಿಷ್ಟು ಮೇಲೆ ಅಂಗೈ ಅಡ್ಡ ಹಿಡಿದಳು. "ಇಲ್ಲಿಗೆ."

"ಹಂಗಾದ್ರೆ ನಾಕಡಿ. ಎರಡೇ ತುಂಡು." ಅವನು ಪೆನ್ಸಿಲಿನಿಂದ ಗೆರೆ ಎಳೆಯಲು ಹೋಗಿ ಕುಂಕುಮ ಕಂಡು ಕೈ ಹಿಂತೆಗೆದ. "ಅಕ್ಕಾ, ಬೊಟ್ಟು ಇರೋ ಗೋಡೆಗೆ ನಾನು ಡ್ರಿಲ್ ಹಾಕಲ್ಲ. ಬೇಜಾರು ಮಾಡ್ಕೋಬೇಡಿ. ಅದನ್ನ ನೀವೇ ತೆಗೆದಿಡಿ. ಆಮೇಲೆ ಅದು ಗೋಡೆ, ನಾನು ಬಡಗಿ."

ಕೆಲಸದ ದಿನ ಬೆಳಿಗ್ಗೆ ಸುನಂದ ಬೇಗ ಎದ್ದು ಬೆಚ್ಚಗಿನ ನೀರು, ಹಳೆಯ ಸೀರೆಯ ತುಂಡು ತಂದಳು. ತಣ್ಣೀರೇ ಸಾಕಿತ್ತು. ಆದರೆ ಕೈಗೆ ಅಭ್ಯಾಸ, ಬಿಸಿ ನೀರಿನ ಹಂಡೆಗೇ ಹೋಗಿತ್ತು. ಬಟ್ಟೆ ಹಿಂಡಿ, ಬಿಸಿ ಹೆಚ್ಚಾಯಿತೇ ಎಂದು ತನ್ನ ಮೊಣಕೈಗೆ ಇಟ್ಟು ನೋಡಿ, ಆಮೇಲೆ ಗೋಡೆಗೆ ಇಟ್ಟಳು. ಹಣೆಯಿಂದ ಕೆಳಕ್ಕೆ ಒಂದು ಸಲ. ಮಡಚಿ, ಕೆನ್ನೆಯ ಕಡೆ ಒಂದು ಸಲ. ಅರಿಶಿನ ಬಟ್ಟೆಗೆ ಬಂತು. ಕಂದು ತಲೆ ಅಲ್ಲೇ ಉಳಿಯಿತು.

"ಅತ್ತೇ, ಸಾಕು," ಎಂದಳು ಮೆಲ್ಲಗೆ. "ನಿಮಗೂ ಸಾಕು, ನನಗೂ ಸಾಕು." ಕೋಪವಿರಲಿಲ್ಲ. ಸಂಜೆ ದೀಪ ಹಚ್ಚುವಾಗ ದೇವರಿಗೆ ಹೇಳುವ ದನಿಯಲ್ಲೇ ಹೇಳಿದಳು.

ಅಮರನಾಥ್ ಬರುವಷ್ಟರಲ್ಲಿ ಗಂಗಾಲಕ್ಷ್ಮಿಯೂ ಬಂದಿದ್ದಳು. ಅಶ್ವತ್ಥಮ್ಮ ಫೋನು ಮಾಡಿದ್ದಳು ಎಂಬುದನ್ನು ಯಾರೂ ಹೇಳಬೇಕಿರಲಿಲ್ಲ, ಅವಳ ಹಿಂದೆಯೇ ಅಶ್ವತ್ಥಮ್ಮ ಬಂದು ತನಗೇನೂ ತಿಳಿಯದವಳಂತೆ ಕಂಬಕ್ಕೆ ಒರಗಿದಳು.

"ನಮ್ಮಮ್ಮನ್ನ ಹಲಗೆ ಹಿಂದಕ್ಕೆ ಹಾಕ್ತೀರಾ ಅತ್ತಿಗೆ?" ಗಂಗಾಲಕ್ಷ್ಮಿ ಚೀಲವನ್ನೂ ಕೆಳಗಿಟ್ಟಿರಲಿಲ್ಲ.

"ನೀನು ಕರ್ಕೊಂಡೋಗು ಗಂಗಾ."

"ಗೋಡೇನಾ?"

"ಬದುಕಿದ್ದಾಗ ಒಂದೇ ಒಂದು ತಿಂಗಳು ಕರ್ಕೊಂಡೋಗು ಅಂದಿದ್ದೆ. ಆಗ್ಲೂ ಗೋಡೆ ಕಿತ್ಕೊಂಡೋಗು ಅಂದ ಹಾಗೇ ನೀನು ನನ್ನ ನೋಡಿದ್ದೆ."

ಗಂಗಾಲಕ್ಷ್ಮಿಯ ಮುಖ ಕೆಂಪಾಯಿತು. "ಹಸು ಬಿಟ್ಟು..." ಎಂದು ಶುರು ಮಾಡಿ ನಿಲ್ಲಿಸಿದಳು. ಕಂಬದ ಹತ್ತಿರ ಅಶ್ವತ್ಥಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮುರಳಿಮೋಹನ್ ಅಂಗಡಿಗೆ ಹೊರಟಿದ್ದವನು ಹೊಸ್ತಿಲಲ್ಲಿ ಒಂದು ಚಪ್ಪಲಿ ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಾ ನಿಂತಿದ್ದ. ಅದು ಅವನ ಕಾಲ ಮುಂದೆಯೇ ಇತ್ತು.

"ಅಣ್ಣಯ್ಯಾ, ನೀನಾದ್ರೂ ಹೇಳು."

"ಎಲ್ಲಾ ಸರಿಹೋಗ್ತದೆ ಕಣಮ್ಮಾ," ಎಂದ ಅವನು. "ನಾನು ಯೋಚನೆ ಮಾಡಿದ್ದೀನಿ. ಯಾರೂ ನೊಂದ್ಕೊಳ್ಳೋ ಹಂಗಿಲ್ಲ."

ಆ ಮಾತಿಗೆ ಸುನಂದ ಗಮನ ಕೊಡಲಿಲ್ಲ. ಬಂದವರಿಗೆಲ್ಲ ಅಡುಗೆ ಆಗಬೇಕಿತ್ತು. ಒಲೆಯ ಮೇಲೆ ಎಸರಿಟ್ಟು, ಹುರುಳಿಕಾಳು ಆರಿಸುತ್ತಾ ಕೂತಳು. ನಡುಮನೆಯಿಂದ ಡ್ರಿಲ್ಲಿನ ಸದ್ದು ಬಂತು. ಪಟ್ಟಿ ಕೂರುವ ಸದ್ದು, ಆಮೇಲೆ ಹಲಗೆಯನ್ನು ಅಂಗೈಯಲ್ಲಿ ತಟ್ಟಿ ಕೂರಿಸುವ ಸದ್ದು. ಒಂದೊಂದು ತಟ್ಟಿಗೂ ಅವಳ ಹೆಗಲಿನಿಂದ ಏನೋ ಒಂದಿಷ್ಟು ಇಳಿಯಿತು. ಅನ್ನ ಬಸಿಯುವಷ್ಟರಲ್ಲಿ, ಉಂಡ ಮೇಲೆ ಎಲ್ಲಿ ಚಾಪೆ ಹಾಸಬೇಕು, ತಲೆ ಯಾವ ಕಡೆ ಇಡಬೇಕು, ಫ್ಯಾನು ಎಷ್ಟಕ್ಕೆ ತಿರುಗಿಸಬೇಕು ಎಂದು ಕೂಡ ಗೊತ್ತು ಮಾಡಿಕೊಂಡಿದ್ದಳು. ಸಾರಿನ ಒಗ್ಗರಣೆ ಮುಗಿಸಿ, ಕೈ ಒರೆಸಿಕೊಂಡು ಹೊರಗೆ ಬಂದಳು.

ಹಲಗೆ ಚೆನ್ನಾಗಿತ್ತು. ಕಿಟಕಿಯಿಂದ ಬಾಗಿಲವರೆಗೆ ಬಿಳಿ ಹಲಗೆ, ಅದರ ಮೇಲೆ ನೇಗಿಲ ಸಾಲಿನಂತೆ ನೆಟ್ಟಗಿನ ಗೆರೆಗಳು. ಮೇಲೆ ಮೂರು ಬೆರಳು ಅಗಲದ ಅಡ್ಡ ಪಟ್ಟಿ. ಆ ಪಟ್ಟಿಯ ಮೇಲಿನಿಂದ ಬೈರಮ್ಮನ ತಲೆ ಇಣುಕುತ್ತಿತ್ತು.

ಭುಜಗಳೆರಡೂ ಮುಚ್ಚಿದ್ದವು. ತಲೆ ಮಾತ್ರ ಹೊರಗೆ. ಅಕ್ಕಪಕ್ಕದ ಮನೆಯಲ್ಲಿ ಏನು ಸಾರು ಎಂದು ಕಾಂಪೌಂಡಿನ ಮೇಲಿನಿಂದ ಕೇಳುವವಳ ಹಾಗೆ.

"ಅಮರನಾಥಾ. ನಾಕಡಿ ಅಂದಿದ್ನಲ್ಲಪ್ಪಾ."

ಅಮರನಾಥ್ ಪೆನ್ಸಿಲು ಕೈಗೆ ತಗೊಂಡ. "ಅಣ್ಣ ಫೋನ್ ಮಾಡಿದ್ರಲ್ಲಕ್ಕಾ. ಮೂರು ತುಂಡು ಮಾಡು, ಭುಜದವರೆಗೆ ಬಂದ್ರೆ ಸಾಕು ಅಂದ್ರು. ಮನೇಲಿ ಮಾತಾಡಿರ್ತಾರೆ ಅಂದ್ಕೊಂಡೆ. ಇನ್ನೊಂದು ಚೂರು ಮೇಲೆ ಸೇರಿಸೋಣ ಅಂದ್ರೆ ನಡುವೆ ಸಂದು ಕಾಣ್ತದೆ, ಗೆರೆಗೆ ಗೆರೆ ಕೂಡಲ್ಲ."

ಸುನಂದ ಗಂಡನ ಕಡೆ ತಿರುಗಿದಳು. ಮುರಳಿಮೋಹನ್ ಅಂಗಡಿಗೆ ಹೋಗಿಯೇ ಇರಲಿಲ್ಲ. ತಾನು ಮಾಡಿದ ತೀರ್ಮಾನವನ್ನು ಇಬ್ಬರೂ ಹೊಗಳುವುದನ್ನು ಕೇಳಲು ನಿಂತಿದ್ದವನಂತೆ ಗೋಡೆಯ ಪಕ್ಕ ನಿಂತಿದ್ದ.

"ನಿಂಗೂ ಆಯ್ತು, ಗಂಗಂಗೂ ಆಯ್ತು ಅಂತ," ಎಂದ. "ಗೋಡೆ ಮುಚ್ಚಿದ ಹಾಗೂ ಆಯ್ತು, ಅಮ್ಮ ಇದ್ದ ಹಾಗೂ..."

"ಹೊಲ ಪಾಲು ಮಾಡ್ದಂಗೆ ನಿಮ್ಮಮ್ಮನ್ನ ಪಾಲು ಮಾಡಿದ್ರಾ? ಭುಜ ನಂಗೆ, ತಲೆ ನಿಮ್ಮ ತಂಗಿಗೆ."

ಅವನು ಗೋಡೆಯ ಕಡೆ ನೋಡಿದ. ಅಲ್ಲಿಂದಲೂ ಸಹಾಯ ಸಿಗಲಿಲ್ಲ.

ಆದರೆ ನಿಜವಾಗಿ ಕೆಟ್ಟದ್ದು ಆಮೇಲೆ ಆಯಿತು. ಗಂಗಾಲಕ್ಷ್ಮಿ ಮೆಲ್ಲಗೆ ಮುಂದೆ ಬಂದು ಆ ಅಡ್ಡ ಪಟ್ಟಿಯ ಮೇಲೆ ಕೈಯಾಡಿಸಿದಳು. ದೀಪ ಇಡಲು ಹೇಳಿ ಮಾಡಿಸಿದಷ್ಟು ಅಗಲ. ಅವಳು ಹಿತ್ತಾಳೆಯ ಪುಟ್ಟ ದೀಪವನ್ನು ತಂದು, ತಾಯಿಯ ಗದ್ದದ ಕೆಳಗೆ ಸರಿಯಾಗಿ, ಪಟ್ಟಿಯ ಮೇಲಿಟ್ಟು ಹಚ್ಚಿದಳು. ಪಕ್ಕದಲ್ಲಿ ಎರಡು ಕನಕಾಂಬರ. ಹಿಂದೆ ಬಿಳಿ ಗೋಡೆ, ಕೆಳಗೆ ಗೆರೆ ಗೆರೆಯ ಹಲಗೆ.

"ಮಂಟಪ ಆಯ್ತಲ್ಲೇ," ಎಂದಳು ಅಶ್ವತ್ಥಮ್ಮ, ಉಸಿರು ಕಟ್ಟಿ. "ಇಷ್ಟು ದಿನ ಬೈರಕ್ಕ ಬರೀ ಗೋಡೇಲಿದ್ಲು. ಈಗ ಪೀಠ ಸಿಕ್ತು. ಸುನಂದಾ, ಎಂಥಾ ಕೆಲಸ ಮಾಡಿದ್ಯೇ. ತಾಳು, ಎಲ್ಲಾರ್ಗೂ ಹೇಳಿ ಬರ್ತೀನಿ."

ಅವಳು ಹೋದಳು. ಗಂಗಾಲಕ್ಷ್ಮಿ ಕೈ ಮುಗಿದು ನಿಂತಳು. ಅಮರನಾಥ್ ಸಾಮಾನು ಕಟ್ಟಿಕೊಳ್ಳುವುದನ್ನು ನಿಲ್ಲಿಸಿ, ಅವನಿಗೂ ಅರಿವಿಲ್ಲದೆ ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದ.

ಸುನಂದ ಕೂಗಾಡುತ್ತಾಳೆ ಎಂದು ಮುರಳಿಮೋಹನ್ ಕಾದ. ಕೂಗಲು ಕೂಡ ಒಂದಿಷ್ಟು ತ್ರಾಣ ಬೇಕಿತ್ತು, ಅವಳಲ್ಲಿ ಅದಿರಲಿಲ್ಲ. ಮೈಯೊಳಗಿನ ಮೂಳೆಗಳನ್ನೆಲ್ಲ ಯಾರೋ ಬಿಚ್ಚಿ ಒಂದು ಕಡೆ ರಾಶಿ ಹಾಕಿದ ಹಾಗಿತ್ತು. ನಾಳೆ ಎರಡು ಗಂಟೆಗೆ ಬೀದಿಯೆಲ್ಲ ಬರುತ್ತದೆ. ನಾಡಿದ್ದು ಪಕ್ಕದ ಹಳ್ಳಿ. ಕಾಫಿಗೆ ಹಾಲು ಸಾಲುವುದಿಲ್ಲ. ಇದೆಲ್ಲ ಅವಳ ತಲೆಯಲ್ಲಿ ಬಂದು, ನಿಲ್ಲಲು ಜಾಗವಿಲ್ಲದೆ ಹೋಯಿತು. ಉಳಿದದ್ದು ಒಂದೇ. ಕೂರಬೇಕು.

ಅವಳು ಹಿತ್ತಿಲಿಗೆ ಹೋದಳು. ಅಲ್ಲಿ ಚಪ್ಪರದ ಕೆಳಗೆ ಬೈರಮ್ಮನ ಮಂಚ ಇತ್ತು. ಸತ್ತವರ ಮಂಚವೆಂದು ಯಾರೂ ತೆಗೆದುಕೊಂಡಿರಲಿಲ್ಲ. ಅದರ ಮೇಲೆ ಸೌದೆ ಒಟ್ಟಿದ್ದರು. ಅವಳು ಸೌದೆ ಇಳಿಸಿ, ಎರಡು ಕೊಡ ನೀರು ಹುಯ್ದು ತೊಳೆದು, ಬಿಸಿಲಿಗೆ ಬಿಟ್ಟಳು. ಆ ಬಿಸಿಲಿಗೆ ಮರ ಆರಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಅಮರನಾಥಾ, ಒಂದು ಕೈ ಹಾಕಪ್ಪಾ."

ಇಬ್ಬರೂ ಸೇರಿ ಮಂಚವನ್ನು ನಡುಮನೆಗೆ ತಂದರು. "ಎಲ್ಲಿಗಕ್ಕಾ?" ಎಂದ ಅವನು. ಅವಳು ಗದ್ದದಿಂದ ತೋರಿಸಿದಳು. ಮಂಚ ಹಳೆಯ ಜಾಗಕ್ಕೇ ಹೋಗಿ ಹೊಸ ಹಲಗೆಗೆ ಒತ್ತಿ ನಿಂತಿತು.

"ಅತ್ತಿಗೆ, ಏನ್ ಮಾಡ್ತಿದ್ದೀರಿ?" ಎಂದಳು ಗಂಗಾಲಕ್ಷ್ಮಿ.

ಸುನಂದ ಮೊದಲು ದೀಪವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಆರದ ಹಾಗೆ ಮೆಲ್ಲಗೆ ನಡೆದು, ದೇವರ ಗೂಡಿನಲ್ಲಿ ಇಟ್ಟು ಬಂದಳು. ಕನಕಾಂಬರವನ್ನೂ ಅಲ್ಲೇ ಇಟ್ಟಳು. ಕೈ ಮುಗಿದಳು. ಆಮೇಲೆ ಬಂದು ಮಂಚದ ಮೇಲೆ ಕೂತು, ಕಾಲು ಮೇಲೆತ್ತಿಕೊಂಡು, ಹಿಂದಕ್ಕೆ ಒರಗಿದಳು.

ಬೆನ್ನಿಗೆ ಹಲಗೆಯ ದುಂಡು ಅಂಚುಗಳು ಒಂದೊಂದಾಗಿ ಒತ್ತಿದವು. ಪಟ್ಟಿ ಕತ್ತಿನ ಕೆಳಗೆ ಬಂತು. ತಲೆ ಗೋಡೆಗೆ ತಾಗಿತು, ತಣ್ಣಗೆ, ಎಣ್ಣೆ ಕುಡಿದ ಗೋಡೆ ಮಾತ್ರ ಇರುವಷ್ಟು ತಣ್ಣಗೆ. ಬೈರಮ್ಮನ ತಲೆ ಅವಳ ತಲೆಯ ಹಿಂದೆ ಪೂರ್ತಿ ಮರೆಯಾಯಿತು.

"ಅಮ್ಮನ ಮುಖದ ಮೇಲೆ ತಲೆ ಇಟ್ಟಿದ್ದೀರಿ ಅತ್ತಿಗೆ," ಎಂದಳು ಗಂಗಾಲಕ್ಷ್ಮಿ. ದನಿಯಲ್ಲಿ ಜಗಳಕ್ಕಿಂತ ದಿಗಿಲಿತ್ತು.

"ಈ ತಲೇಲೂ ಎಣ್ಣೆ ಇದೆ ಗಂಗಾ."

ಅಷ್ಟು ವರ್ಷ ಆ ಮಂಚದ ಪಕ್ಕ ನೆಲದ ಮೇಲೆ ಮಲಗಿದ್ದವಳು, ಮಂಚದ ಮೇಲಿನಿಂದ ಮನೆಯನ್ನು ನೋಡಿರಲಿಲ್ಲ. ಇಲ್ಲಿಂದ ಬೀದಿಯ ಬಾಗಿಲು ಕಾಣುವುದಿಲ್ಲ. ಕಿಟಕಿ ಓರೆಯಾಗಿ, ಅರ್ಧ ಮಾತ್ರ. ನೇರವಾಗಿ ಕಾಣುವುದು ಅಡುಗೆಮನೆಯ ಬಾಗಿಲು ಒಂದೇ. ಲೋಟ ಹಿಡಿದು ತಾನು ಹೊರಗೆ ಬರುತ್ತಿದ್ದ ಬಾಗಿಲು. ಅತ್ತೆಗೆ ಹೆಸರುಗಳೆಲ್ಲ ಹೋದ ಮೇಲೂ ಕಣ್ಣ ಮುಂದೆ ಇದ್ದದ್ದು ಇದು, ಈ ಒಂದು ಬಾಗಿಲು. ಸುನಂದ ಅದನ್ನು ನೋಡಿದಳು. ಯಾರೂ ಹೊರಗೆ ಬರಲಿಲ್ಲ. ಬರಬೇಕಾದವಳು ಇಲ್ಲಿ ಕೂತಿದ್ದಳು. ಅವಳ ಕಣ್ಣು ಎಳೆಯತೊಡಗಿತು.

ಅಶ್ವತ್ಥಮ್ಮ ನಾಲ್ಕು ಹೆಂಗಸರನ್ನು ಕರೆದುಕೊಂಡು, ಕುಂಕುಮದ ಬಟ್ಟಲು ಹಿಡಿದು ಹೊಸ್ತಿಲಿಗೆ ಬಂದಳು. ಬಂದವರು ಒಬ್ಬರ ಹೆಗಲ ಮೇಲಿಂದ ಒಬ್ಬರು ಇಣುಕಿದರು. ಗೋಡೆಯಲ್ಲಿ ತಲೆ ಇರಲಿಲ್ಲ. ಇದ್ದದ್ದು ಕೂದಲು ಅರ್ಧ ನರೆತ, ಬಾಯಿ ಒಂದಿಷ್ಟು ತೆರೆದ ಸುನಂದಳ ತಲೆ.

"ಇದೇನೇ ಗಂಗಾ? ಬೈರಕ್ಕ ಎಲ್ಲಿ? ಎಬ್ಬಿಸು ಅವಳನ್ನ, ಬೊಟ್ಟಿಟ್ಟು ಹೋಗ್ತೀವಿ."

ಗಂಗಾಲಕ್ಷ್ಮಿ ಮಂಚದ ಹತ್ತಿರ ಹೋದಳು. ಎಬ್ಬಿಸಲೆಂದೇ ಹೋದಳು. ಕೈ ಭುಜದವರೆಗೆ ಹೋಯಿತು. ಅತ್ತಿಗೆಯ ಅಂಗೈಗಳು ತೊಡೆಯ ಮೇಲೆ ಮೇಲ್ಮುಖವಾಗಿ ಬಿದ್ದಿದ್ದವು. ಒಂದು ಹೆಬ್ಬೆರಳಿನ ಉಗುರು ಸೀಳಿ, ಅದರಲ್ಲಿ ಬೆಳಗಿನ ಅರಿಶಿನ ಉಳಿದಿತ್ತು. ಆ ಕೈಗಳನ್ನು ಗಂಗಾಲಕ್ಷ್ಮಿ ಇಷ್ಟು ವರ್ಷದಲ್ಲಿ ಸುಮ್ಮನಿರುವುದನ್ನು ಕಂಡಿರಲಿಲ್ಲ. ಅವು ಯಾವಾಗಲೂ ಏನಾದರೂ ಹಿಡಿದಿರುತ್ತಿದ್ದವು, ಲೋಟ, ಬಟ್ಟೆ, ತಾಯಿಯ ಕಂಕುಳು.

ಅವಳು ಕೈ ಹಿಂದಕ್ಕೆ ತಗೊಂಡಳು.

"ಮಲಗವ್ರೆ ಅಶ್ವತ್ಥಕ್ಕಾ. ಆಮೇಲೆ ಬನ್ನಿ."

"ಆಮೇಲೆ ಅಂದ್ರೆ ಯಾವಾಗ?"

"ಎದ್ದಾಗ."

"ಎದ್ದು ನಾಳೆ ಮತ್ತೆ ಇಲ್ಲೇ ಮಲಗಿದ್ರೆ?"

ಗಂಗಾಲಕ್ಷ್ಮಿ ಫ್ಯಾನಿನ ಸ್ವಿಚ್ಚು ತಿರುಗಿಸಿದಳು. ಹೆಂಗಸರು ಸ್ವಲ್ಪ ಹೊತ್ತು ನಿಂತು, ಕಾಫಿ ಬರುವ ಲಕ್ಷಣ ಕಾಣದೆ, ಹುಳುವಿಗೆ ಸೊಪ್ಪು ಹಾಕುವ ಹೊತ್ತಾಯಿತೆಂದು ಹೊರಟರು. ಅಮರನಾಥ್ ಸದ್ದಾಗದ ಹಾಗೆ ಡ್ರಿಲ್ಲನ್ನು ಚೀಲಕ್ಕೆ ಇಳಿಸಿದ. ಮುರಳಿಮೋಹನ್ ಇನ್ನೊಂದು ಚಪ್ಪಲಿಯನ್ನೂ ಹಾಕಿಕೊಂಡು, ತಂಗಿಗೆ "ಉಣ್ಣು" ಎಂದು ಕೈಸನ್ನೆ ಮಾಡಿ ಅಂಗಡಿಗೆ ಹೋದ.

ಮನೆಯಲ್ಲಿ ಇಬ್ಬರೇ ಉಳಿದರು. ಗಂಗಾಲಕ್ಷ್ಮಿ ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕೂತಳು. ಎದುರಿಗೆ ಅಡುಗೆಮನೆಯ ಬಾಗಿಲು, ಬಿಸಿಲಿನ ಒಂದು ಪಟ್ಟಿ, ಮುಚ್ಚಿಟ್ಟ ಸಾರಿನ ವಾಸನೆ. ಎಷ್ಟೋ ಹೊತ್ತಿನ ಮೇಲೆ, ತನಗೆ ತಾನೇ ಎಂಬಂತೆ, ತಾಯಿಯ ಪದವೊಂದರ ಮೊದಲ ಸಾಲನ್ನು ಸಣ್ಣ ದನಿಯಲ್ಲಿ ಎತ್ತಿದಳು. ಸಾಲು ಮುಗಿಯಿತು. ಮುಂದಿನದು ಬರಲಿಲ್ಲ. ತಾಯಿ ನಿಲ್ಲಿಸುತ್ತಿದ್ದ ಹಾಗೆಯೇ ಅವಳೂ ನಿಲ್ಲಿಸಿದಳು, ನಿಲ್ಲಿಸಿ ಮಂಚದ ಮೇಲೆ ನೋಡಿದಳು.

ತೆಳುವಾದ ನಿದ್ದೆಯ ಅಂಚಿನಲ್ಲಿ ಸುನಂದಳಿಗೆ ಅದು ಕೇಳಿಸಿತು. ಎರಡನೆಯ ಸಾಲು ಎದೆಯಿಂದ ಎದ್ದು ನಾಲಿಗೆಯ ತುದಿಗೆ ಬಂದು ನಿಂತಿತು, ಅಷ್ಟು ವರ್ಷ ಬಂದ ಹಾಗೆ, ಕರೆದ ಕೂಡಲೇ. ಅವಳು ಅದನ್ನು ಹೇಳಲಿಲ್ಲ. ಅಲ್ಲೇ ಇರಲಿ ಎಂದು ಬಿಟ್ಟಳು.

ಕೆಳಗೆ ಗಂಗಾ ಒಂದು ಸಲ ತಪ್ಪಾಗಿ ಹೇಳಿದಳು. ತಡೆದು, ಮತ್ತೆ ಮೊದಲಿಂದ ಹಿಡಿದಳು. ಇನ್ನೊಂದು ಮಾತು ಸಿಕ್ಕಿತು. ಆಮೇಲೆ ಅವಳಿಗೆ ಸಾಲು ಪೂರ್ತಿ ಸಿಕ್ಕಿತೋ ಇಲ್ಲವೋ, ಅಷ್ಟರಲ್ಲಿ ಸುನಂದಳಿಗೆ ಮತ್ತೆ ನಿದ್ದೆ ಬಂದಿತ್ತು.